ನಿಂತು ಜಾಮ್ ಆಗಿರುವ ಟೂ ಸ್ಟ್ರೋಕ್ ಬೈಕು: ಮೊದಲು ಎಲ್ಲಿಗೆ ಕೈ ಹಾಕಬೇಕು?

ಚೈನ್‌ಕವರ್:

ಎಲ್ಲರಿಗೂ ನಮಸ್ಕಾರ. ಮನೆಯ ಶೆಡ್ಡಿನಲ್ಲೇ ಬಿಚ್ಚಿ ಕಟ್ಟಬೇಕೆಂದಿರುವ ಗಾಡಿ ಇದು: ಟೂ ಸ್ಟ್ರೋಕ್, ಸಿಂಗಲ್ ಸಿಲಿಂಡರ್, ಏರ್ ಕೂಲ್ಡ್, 100 ಸಿಸಿ ಆಸುಪಾಸು. ಬೀಡು ಕಬ್ಬಿಣದ ಬ್ಲಾಕ್, ರೀಡ್ ವಾಲ್ವ್, 6 ವೋಲ್ಟು, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹೊಡೆಸುವ ಸ್ವಿಚ್ಚು) ಇಗ್ನಿಶನ್. ಹತ್ತು ವರ್ಷಕ್ಕೂ ಮೇಲೆ ಸ್ಟಾರ್ಟ್ ಆಗಿಲ್ಲ.

ಈಗಿನ ಸ್ಥಿತಿ: ಕಿಕ್ಕರ್ ಇಳಿಯುತ್ತಲೇ ಇಲ್ಲ. ಟ್ಯಾಂಕಿನೊಳಗೆ ಕೆಂಪು ತುಕ್ಕು, ತಳದಲ್ಲಿ ಅಂಟಂಟು ಪೆಟ್ರೋಲ್ ಗಸಿ. ಕಾರ್ಬೊರೇಟರ್ ಸ್ಲೈಡ್ ಅಂಟಿಕೊಂಡಿದೆ. ಫ್ರೇಮಿನಲ್ಲಿ ಮೇಲ್ಮೈ ತುಕ್ಕು ಮಾತ್ರ, ಬಿರುಕು ಕಂಡಿಲ್ಲ. ಚೇಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಓದಲು ಬರುತ್ತವೆ, ದಾಖಲೆ ಸರಿಯಿದೆ.

ಕೈಯಲ್ಲಿರುವುದು ಸಾಕೆಟ್ ಸೆಟ್, ಫೀಲರ್ ಗೇಜ್, ಮಲ್ಟಿಮೀಟರ್, ಹಾಟ್ ಏರ್ ಗನ್. ಲೇತ್ ಇಲ್ಲ, ಪ್ರೆಸ್ ಇಲ್ಲ.

ಪೂರ್ತಿ ಬಿಚ್ಚಿ ಫ್ರೇಮಿಗೆ ಬಣ್ಣ ಹೊಡೆಸಿ, ಆಮೇಲೆ ಎಂಜಿನ್ ನೋಡಿಕೊಳ್ಳೋಣ ಎಂದುಕೊಂಡಿದ್ದೆ. ಸರಿಯೇ? ಜಾಮ್ ಆದ ಪಿಸ್ಟನ್ ಬಿಡಿಸುವ ಬಗೆ, ಟ್ಯಾಂಕಿನ ತುಕ್ಕು ತೆಗೆಯುವ ಬಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೋರ್‌ಗೇಜ್:

ಬಣ್ಣ ಕೊನೆಗೆ. ಎಂಜಿನ್ ಮೌಂಟಿಂಗಿಗೆ ಒಂದು ಬುಷ್ ಕೂರಿಸಬೇಕು, ಸ್ಟ್ಯಾಂಡಿನ ಕಿವಿಗೆ ಚೂರು ವೆಲ್ಡ್ ಬೇಕು, ಒಂದು ಬೋಲ್ಟ್ ತೂತು ಸವೆದು ಮೊಟ್ಟೆಯಾಕಾರವಾಗಿದೆ ಎಂಬುದೆಲ್ಲ ಗಾಡಿಯನ್ನು ಒಮ್ಮೆ ಬಣ್ಣವಿಲ್ಲದೆ ಕಟ್ಟಿ ಓಡಿಸಿದಾಗಲೇ ಗೊತ್ತಾಗುವುದು. ಹೊಸ ಬಣ್ಣದ ಮೇಲೆ ವೆಲ್ಡಿಂಗ್ ಮಾಡಿಸುವ ಸಂಕಟ ಬೇಡ. ಮೊದಲು ಎಂಜಿನ್ ಸತ್ತಿದೆಯೋ ಬದುಕಿದೆಯೋ ನೋಡಿ.

ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಬಿಡುವುದು ಪಿಸ್ಟನ್ ಅಲ್ಲ, ಕಿಕ್ ಗೇರಿನ ಹಲ್ಲು. ಅದು ತಡೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಕ್ರ್ಯಾಂಕ್ ತಿರುಚಿಕೊಳ್ಳುತ್ತದೆ.

ಪ್ಲಗ್, ಸೈಲೆನ್ಸರ್, ಕಾರ್ಬೊರೇಟರ್ ಕಳಚಿ. ಸೈಲೆನ್ಸರ್ ಸೇರುವ ತೂತಿನಲ್ಲಿ, ಅಂದರೆ ಎಕ್ಸಾಸ್ಟ್ ಪೋರ್ಟಿನಲ್ಲಿ, ಟಾರ್ಚ್ ಬಿಟ್ಟು ನೋಡಿ: ಪಿಸ್ಟನ್ ಪೋರ್ಟನ್ನು ಮುಚ್ಚಿದೆಯೋ, ಅದಕ್ಕಿಂತ ಕೆಳಗಿದೆಯೋ? ಫೋರ್ ಸ್ಟ್ರೋಕಿನಲ್ಲಿ ಪ್ಲಗ್ ತೂತಿನಿಂದ ಎಣ್ಣೆ ಸುರಿದು ಬಿಟ್ಟರೆ ಮೇಲೇ ನಿಲ್ಲುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿದ್ದರೆ ಸುರಿದದ್ದೆಲ್ಲ ಪೋರ್ಟಿನಿಂದ ಹೊರಗೋ ಎಂಜಿನ್ ಬುಡದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೋ ಹೋಗುತ್ತದೆ. ಹಾಗಿದ್ದಾಗ ಗಾಡಿಯನ್ನು ಓರೆ ನಿಲ್ಲಿಸಿ, ಪೋರ್ಟುಗಳ ಮೂಲಕ ಸಿರಿಂಜಿನಲ್ಲಿ ಪಿಸ್ಟನ್ ಅಂಚಿಗೇ ಬಿಡಬೇಕು.

ಬಿಡಬೇಕಾದದ್ದು: ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಮತ್ತು ಅಸಿಟೋನ್, ಸಮಪಾಲು. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿಯೇ ಹಾಕಿ. 30 ಮಿ.ಲೀ. ಸಾಕು, ದಿನಕ್ಕೆರಡು ಸಲ. ಅಸಿಟೋನ್ ಬಣ್ಣ, ರಬ್ಬರ್ ಎರಡನ್ನೂ ತಿನ್ನುತ್ತದೆ, ಕಿಡಿ ಕಂಡರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇದನ್ನು ಹಾಕಿದ ದಿನ ಹೀಟ್ ಗನ್ ಹತ್ತಿರ ತರಬೇಡಿ.

ಮೂರ್ನಾಲ್ಕು ದಿನ ನೆನೆದ ಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಚಕ್ರದಲ್ಲಿ ಹಾಕಿದ ಬಲ ಕ್ರ್ಯಾಂಕಿಗೆ ಹೆಚ್ಚು ಸಿಗುವುದು ಟಾಪ್ ಗೇರಿನಲ್ಲಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಅಲ್ಲಿಂದ ಮುಂದೆ ಅವಸರ ಮಾಡಿ ಪೂರ್ತಿ ಸುತ್ತಿಸಬೇಡಿ, ತುಕ್ಕಿನ ಪುಡಿ ರಿಂಗಿನ ಜತೆ ಬೋರನ್ನು (ಸಿಲಿಂಡರಿನ ಒಳಗೋಡೆ) ಗೀರುತ್ತದೆ. ಅಲುಗಿದ ಕೂಡಲೇ ಹೆಡ್ ಬಿಚ್ಚಿ, ಕಾಣುವ ತುಕ್ಕನ್ನು ಎಣ್ಣೆ ಹಚ್ಚಿದ 400 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ ತೆಗೆದು, ಆಮೇಲೆ ಬ್ಲಾಕ್ ಎತ್ತಿ.

ಇಷ್ಟಕ್ಕೂ ಬಗ್ಗದಿದ್ದರೆ, ಅಸಿಟೋನ್ ಪೂರ್ತಿ ಆರಿದ ಮೇಲೆ, ಬ್ಲಾಕಿನ ಹೊರಮೈಗೆ ಹೀಟ್ ಗನ್ ಹಿಡಿಯಿರಿ. ಅಲ್ಯೂಮಿನಿಯಂ ಪಿಸ್ಟನ್ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆದ್ದರಿಂದ ಶಾಖ ಪಿಸ್ಟನ್ನಿಗೆ ಹೋಗುವಷ್ಟು ಹೊತ್ತು ಹಿಡಿದರೆ ಜಾಮ್ ಬಿಗಿಯಾಗುತ್ತದೆ, ಅಷ್ಟೆ. ಬ್ಲಾಕ್ ಮುಟ್ಟಲಾಗದಷ್ಟು ಬಿಸಿಯಾದರೆ ಸಾಕು. ಬ್ಲಾಕ್ ತಟ್ಟುವುದಿದ್ದರೆ ಮರದ ತುಂಡಿಟ್ಟು ಗಟ್ಟಿ ಜಾಗಕ್ಕೆ ತಟ್ಟಿ. ಫಿನ್ನಿಗೆ ಏಟು ಬಿದ್ದರೆ ಮುರಿದು ಕೈಗೆ ಬರುತ್ತದೆ.

ಇನ್ನೊಂದು ವಿಷಯ. ಜಪಾನಿ ವಿನ್ಯಾಸದ ಎಂಜಿನ್ ಆಗಿದ್ದರೆ ಸೈಡ್ ಕವರಿನ ಸ್ಟಾರ್ ಸ್ಕ್ರೂಗಳು ಫಿಲಿಪ್ಸ್ ಅಲ್ಲ, ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ). ಸಾಧಾರಣ ಸ್ಟಾರ್ ಡ್ರೈವರ್ ಅದರೊಳಗೆ ತಳದವರೆಗೆ ಕೂರುವುದಿಲ್ಲ, ಎರಡನೇ ತಿರುವಿಗೇ ತಲೆ ಹಾಳು. ಜೆಐಎಸ್ ಬಿಟ್ ಹಾಕಿ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿ.

ಆರುವೋಲ್ಟು:

ಬಣ್ಣ ಕೊನೆಗೆ ಎಂಬುದಕ್ಕೆ ನನ್ನದೂ ಓಟು. ಪಿಸ್ಟನ್ ನೆನೆಯುತ್ತಿರುವಾಗ ಟ್ಯಾಂಕಿನ ಕೆಲಸ ಮುಗಿಸಿಬಿಡಿ.

ಮ್ಯೂರಿಯಾಟಿಕ್ ಆಸಿಡ್ ಹಾಕಿ ಎನ್ನುವವರು ಸಿಗುತ್ತಾರೆ. ತುಕ್ಕನ್ನು ತಿನ್ನುತ್ತದೆ, ನಿಜ, ಅದಾದ ಮೇಲೆ ತಗಡನ್ನೂ ತಿನ್ನುತ್ತದೆ. ಅದರ ಹೊಗೆಗೆ ಶೆಡ್ಡಿನಲ್ಲಿರುವ ನಿಮ್ಮ ಸ್ಪ್ಯಾನರ್ ಸೆಟ್ಟೆಲ್ಲ ಮರುದಿನಕ್ಕೆ ಕೆಂಪಗಾಗಿರುತ್ತದೆ. ಸಿಟ್ರಿಕ್ ಆಸಿಡ್ ನಿಧಾನ, ಆದರೆ ಹದ ತಪ್ಪುವುದಿಲ್ಲ.

ಮೊದಲು ಗಸಿ ತೆಗೆಯಬೇಕು. ವಾರ್ನಿಷಿನಂತೆ ಅಂಟಿದ ಪೆಟ್ರೋಲಿನ ಮೇಲೆ ಆಸಿಡ್ ಕೆಲಸ ಮಾಡುವುದಿಲ್ಲ. ಪೆಟ್ರೋಲ್ ಕಾಕ್ ಕಳಚಿ, ಆ ತೂತಿಗೆ ರಬ್ಬರ್ ಹಾಳೆ ಇಟ್ಟು ತಗಡಿನ ಪಟ್ಟಿ ಬಿಗಿಯಿರಿ. ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಹೆಕ್ಕಳೆ ದಪ್ಪವಿದ್ದರೆ ಒಂದು ಮೀಟರ್ ಸಣ್ಣ ಕಬ್ಬಿಣದ ಚೈನನ್ನು ಒಳಗೆ ಬಿಟ್ಟು ಅಲುಗಾಡಿಸಿ. ಬಿಡಿ ನಟ್ಟು, ಜಲ್ಲಿ ಹಾಕಿದರೆ ಒಂದೆರಡು ಒಳಗೇ ಉಳಿಯುತ್ತವೆ. ಚೈನನ್ನಾದರೆ ತುದಿ ಹಿಡಿದು ಎಳೆದುಕೊಳ್ಳಬಹುದು.

ಆಮೇಲೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್, ಬಿಸಿನೀರಿನಲ್ಲಿ ಕರಗಿಸಿ, ಬಾಯಿಯವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಮೇಲ್ಭಾಗದ ತುಕ್ಕು ಹಾಗೇ ಇರುತ್ತದೆ. ಹೆಚ್ಚಿನ ತುಕ್ಕು ಇರುವುದೂ ಅಲ್ಲೇ, ಏಕೆಂದರೆ ಪೆಟ್ರೋಲ್ ಮುಟ್ಟದ ಜಾಗದಲ್ಲೇ ತೇವ ಕೂರುವುದು. 12ರಿಂದ 24 ಗಂಟೆ ಬಿಡಿ, ನಡುನಡುವೆ ನೋಡುತ್ತಿರಿ. ಬೂದು ಬಣ್ಣದ ತಗಡು ಕಂಡರೆ ಮುಗಿಯಿತು.

ಕೆಲಸ ಕೆಡುವುದು ಇದರ ನಂತರದ ಅರ್ಧ ಗಂಟೆಯಲ್ಲಿ. ಆಸಿಡ್ ಚೆಲ್ಲಿ, ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಮತ್ತೊಮ್ಮೆ ತೊಳೆದು, ತಕ್ಷಣ ಬಿಸಿಗಾಳಿ ಬಿಡಿ. ಬರಿಗಬ್ಬಿಣ ಒದ್ದೆಯಾಗಿ ನಿಂತರೆ ನಿಮಿಷಗಳಲ್ಲಿ ಕೇಸರಿ ಬಣ್ಣ ತಿರುಗುತ್ತದೆ. ಒಣಗಿ ತಣ್ಣಗಾದ ಮೇಲೆ ಅರ್ಧ ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಒಳಗೆಲ್ಲ ಸವರಿಕೊಳ್ಳುವಂತೆ ತಿರುಗಿಸಿಡಿ. ಹೀಟ್ ಗನ್ ಹಿಡಿದ ಬಿಸಿಯಲ್ಲೇ ಪೆಟ್ರೋಲ್ ಸುರಿಯಬೇಡಿ.

ಬ್ಯಾಟರಿ ಚಾರ್ಜರ್ ಹಚ್ಚಿ ವಾಷಿಂಗ್ ಸೋಡಾ ನೀರಿನಲ್ಲಿ ತುಕ್ಕು ತೆಗೆಯುವ ವಿಧಾನವೂ ಒಳ್ಳೆಯದೇ. ಟ್ಯಾಂಕಿಗೆ ನೆಗೆಟಿವ್, ಒಳಗೆ ತಗಲದಂತೆ ಇಳಿಬಿಟ್ಟ ಸಾಧಾರಣ ಕಬ್ಬಿಣದ ಸರಳಿಗೆ ಪಾಸಿಟಿವ್. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡವೇ ಬೇಡ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ, ಕ್ಲಿಪ್ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ.

ಒಳಗೆ ಹಚ್ಚುವ ಸೀಲರ್ ಲೇಪ ಸೂಜಿತೂತು ಇದ್ದರೆ ಮಾತ್ರ. ತುಕ್ಕಿನ ಮೇಲೆ ಅಥವಾ ಎಣ್ಣೆ ಪಸೆಯ ಮೇಲೆ ಹಚ್ಚಿದ ಲೇಪ ಒಂದೆರಡು ವರ್ಷಕ್ಕೆ ಹಪ್ಪಳವಾಗಿ ಎದ್ದು ಕಾಕ್ ಮುಚ್ಚಿಬಿಡುತ್ತದೆ. ಹಚ್ಚುವುದೇ ಆದರೆ ಮೇಲೆ ಹೇಳಿದ ಆಯಿಲ್ ಸವರುವ ಹಂತ ಬಿಟ್ಟುಬಿಡಿ.

ಚೈನ್‌ಕವರ್:

ಇಬ್ಬರಿಗೂ ಧನ್ಯವಾದ. ಪಿಸ್ಟನ್ ಬಿಟ್ಟಿತು, ಬ್ಲಾಕ್ ಹೊರಗೆ ಬಂದಿದೆ. ಬೋರಿನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲೆ ತುಕ್ಕಿನ ಒಂದು ಉಂಗುರ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ರಿಂಗ್ ಪಿಸ್ಟನ್ನಿಗೆ ಅಂಟಿದೆ. ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಎಳೆದರೆ ಆಟ ಗೊತ್ತಾಗುವುದಿಲ್ಲ, ತುದಿ ಅಕ್ಕಪಕ್ಕ 1 ಮಿ.ಮೀ. ಆಡುತ್ತದೆ. ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಒರಟು ಸದ್ದಿಲ್ಲ. ಕ್ರ್ಯಾಂಕ್‌ಕೇಸ್ ಬಿಡಿಸಲೇಬೇಕೆ? ಪ್ರೆಸ್ ಇಲ್ಲದೆ ಅದಕ್ಕೆ ಕೈ ಹಾಕಲು ಧೈರ್ಯ ಬರುತ್ತಿಲ್ಲ.

ಬೋರ್‌ಗೇಜ್:

ಉಗುರಿಗೆ ಸಿಕ್ಕುವ ಗುಂಡಿ ಹೋನಿಂಗಿಗೆ (ಕಲ್ಲಿನಲ್ಲಿ ಉಜ್ಜಿ ನಯ ಮಾಡುವುದು) ಹೋಗುವುದಿಲ್ಲ. ರೀಬೋರ್ ಮಾಡಿಸಿ, ಅಂದರೆ ಬೋರನ್ನು ಕೊರೆಸಿ ಹಿಗ್ಗಿಸಿ. ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಹಂತದಲ್ಲಿ ಬರುತ್ತವೆ: 0.25, 0.50, 0.75, 1.00. ಹಿಂದೆ ಎಷ್ಟಕ್ಕೆ ಹೋಗಿದೆ ಎಂದು ಹಳೆಯ ಪಿಸ್ಟನ್ನಿನ ತಲೆಯ ಮೇಲೆ ಅಚ್ಚಾಗಿರುತ್ತದೆ, ಕಾರ್ಬನ್ ಕೆರೆದು ನೋಡಿ. ಏನೂ ಬರೆದಿಲ್ಲದಿದ್ದರೆ ಬಹುಶಃ ಸ್ಟ್ಯಾಂಡರ್ಡ್.

ಹೊಸ ಪಿಸ್ಟನ್ ಮೊದಲು ಕೈಗೆ ಬರಲಿ, ಆಮೇಲೆ ಬ್ಲಾಕನ್ನು ಬೋರಿಂಗಿಗೆ ಕೊಡಿ, ಪಿಸ್ಟನ್ ಜತೆಗೇ ಕೊಡಿ. ಡಬ್ಬದ ಮೇಲಿನ ಅಳತೆ ನೋಡಿ ಬೋರ್ ಮಾಡಿದರೆ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು) ಅದೃಷ್ಟಕ್ಕೆ ಬಿಟ್ಟಂತೆ. ಪಿಸ್ಟನ್ ಅಳೆಯುವುದು ಸ್ಕರ್ಟಿನ ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡಲಾಗಿ. ಇಷ್ಟು ಸಣ್ಣ ಏರ್ ಕೂಲ್ಡ್ ಬೀಡಿನ ಬ್ಲಾಕಿಗೆ ಸಾಮಾನ್ಯವಾಗಿ 0.04ರಿಂದ 0.05 ಮಿ.ಮೀ. ಬಿಡುತ್ತಾರೆ. ನಿಮ್ಮ ಎಂಜಿನ್ನಿನ ಮ್ಯಾನುಯಲ್ಲಿನಲ್ಲಿ ಬೇರೆ ಇದ್ದರೆ ಅದೇ ಕೊನೆಯ ಮಾತು.

ಬೋರಿಂಗ್ ಮಾಡುವವರು ಫೋರ್ ಸ್ಟ್ರೋಕ್ ಮಾತ್ರ ಮಾಡಿ ಅಭ್ಯಾಸವಿದ್ದರೆ ಪೋರ್ಟುಗಳ ಅಂಚನ್ನು ಹಾಗೇ ಚೂಪಾಗಿ ಬಿಟ್ಟು ಕಳಿಸುತ್ತಾರೆ. ಪೋರ್ಟಿನ ಮೇಲಂಚು, ಕೆಳಅಂಚು ಎರಡನ್ನೂ ಸಣ್ಣದಾಗಿ ಚ್ಯಾಂಫರ್ ಮಾಡಬೇಕು. ಬೆರಳಾಡಿಸಿದರೆ ಕೊಯ್ಯಬಾರದು. ಇಲ್ಲದಿದ್ದರೆ ಹೊಸ ರಿಂಗ್ ಪೋರ್ಟಿಗೆ ಸಿಕ್ಕಿ ತುಂಡಾಗುತ್ತದೆ.

ಬ್ಲಾಕ್ ವಾಪಸ್ ಬಂದ ಮೇಲೆ ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಒರೆಸಿ ಕಟ್ಟಿಬಿಡಬೇಡಿ. ಹೋನಿಂಗ್ ಕಲ್ಲಿನ ಪುಡಿ ಅದಕ್ಕೆ ಏಳುವುದಿಲ್ಲ. ಬಿಸಿನೀರು, ಸೋಪು, ಬ್ರಷ್. ಬಿಳಿ ಬಟ್ಟೆ ಬೋರಿನಲ್ಲಿ ಆಡಿಸಿದರೆ ಬೂದಿ ಬಣ್ಣ ಹತ್ತಬಾರದು, ಅಲ್ಲಿಯವರೆಗೆ ತೊಳೆಯಿರಿ. ಒರೆಸಿದ ಕೂಡಲೇ ಎಣ್ಣೆ ಹಚ್ಚಿ.

ಜೋಡಿಸುವಾಗ ರಿಂಗನ್ನು ಬೋರಿನೊಳಗೆ ಒಂದೊಂದಾಗಿ ಸಮನಾಗಿ ಇಳಿಸಿ ಬಾಯಿ ಅಳೆಯಿರಿ, 0.15ರಿಂದ 0.35 ಮಿ.ಮೀ. ಒಳಗಿರಲಿ. ರಿಂಗಿನ ಬಾಯಿ ಪಿಸ್ಟನ್ನಿನ ರಿಂಗ್ ತೋಡಿನಲ್ಲಿರುವ ಸಣ್ಣ ಪಿನ್ನಿಗೇ ಬರಬೇಕು, ಅಕ್ಷರವಿರುವ ಬದಿ ಮೇಲೆ. ಪಿಸ್ಟನ್ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ. ಪಿನ್ನಿನ ಸರ್ಕ್ಲಿಪ್ ಹೊಸದೇ ಹಾಕಿ, ಅದರ ಬಾಯಿ ನೇರ ಮೇಲೆ ಅಥವಾ ನೇರ ಕೆಳಗೆ ಇರಲಿ. ಕ್ಲಿಪ್ ಹಾಕುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ, ಜಾರಿ ಒಳಗೆ ಬಿದ್ದರೆ ಆಗ ಕೇಸ್ ಬಿಡಿಸುವ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ನಿಮ್ಮ ರಾಡಿನ ಲಕ್ಷಣ ಚೆನ್ನಾಗಿದೆ. ಮೇಲೆ ಕೆಳಗೆ ಆಟವಿಲ್ಲ, ಅಕ್ಕಪಕ್ಕ 2 ಮಿ.ಮೀ. ದಾಟಿಲ್ಲ. ನಾನಾದರೆ ಬಿಡಿಸುವುದಿಲ್ಲ.

ಕ್ರ್ಯಾಂಕ್‌ಕೇಸ್:

ಬೋರ್‌ಗೇಜ್ ಅವರು ರಾಡಿನ ಬಗ್ಗೆ ಹೇಳಿದ್ದು ಸರಿ, ತೀರ್ಮಾನ ಮಾತ್ರ ಅವಸರದ್ದು. ನಿಂತ ಟೂ ಸ್ಟ್ರೋಕನ್ನು ಕೊಲ್ಲುವುದು ರಾಡ್ ಅಲ್ಲ, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಅದಕ್ಕೆ ಗಾಳಿ ಒಳಬರುವ ದಾರಿ ಕಾರ್ಬೊರೇಟರ್ ಒಂದೇ ಆಗಿರಬೇಕು. ರಬ್ಬರ್ ಒಣಗಿ ಗಟ್ಟಿಯಾದ ಸೀಲಿನಿಂದ ಗಾಳಿ ನುಗ್ಗಿದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಪೆಟ್ರೋಲ್ ಜತೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಹೊಸ ಪಿಸ್ಟನ್ ಮೊದಲ ಉದ್ದ ಏರಿನಲ್ಲೇ ಹಿಡಿದುಕೊಳ್ಳುತ್ತದೆ.

ಯಾವ ಸೀಲು ಹೋಗಿದೆ ಎಂಬುದನ್ನು ಓಡುವ ಎಂಜಿನ್ನಿನಲ್ಲಿ ಲಕ್ಷಣ ನೋಡಿ ಹೇಳಬಹುದು. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆಯದಾದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯುವುದಿಲ್ಲ. ಕ್ಲಚ್ ಕಡೆಯದಾದರೆ ಗೇರ್ ಆಯಿಲ್ ಒಳಗೆ ಹೀರಿಕೊಂಡು ಬಿಳಿ ಹೊಗೆ, ಪದೇ ಪದೇ ಪ್ಲಗ್ ಒದ್ದೆ, ಗೇರ್ ಆಯಿಲ್ ಮಟ್ಟ ತಾನೇ ಇಳಿಯುತ್ತದೆ. ನಿಮ್ಮದು ಓಡುತ್ತಿಲ್ಲ, ಹಾಗಾಗಿ ಪ್ರೆಶರ್ ಟೆಸ್ಟ್ ಮಾಡಿ. ಬಿಡಿಸಬೇಕೋ ಬೇಡವೋ ಅದೇ ಹೇಳುತ್ತದೆ.

ಹಳೆಯ ಬ್ಲಾಕನ್ನೇ ಹೊಸ ಗ್ಯಾಸ್ಕೆಟ್ ಹಾಕಿ ತಾತ್ಕಾಲಿಕವಾಗಿ ಕೂರಿಸಿ, ಹೆಡ್ ಬಿಗಿಯಿರಿ. ಎಕ್ಸಾಸ್ಟ್ ಪೋರ್ಟಿಗೆ ಟ್ಯೂಬಿನ ರಬ್ಬರ್ ಇಟ್ಟು ಮೇಲೆ ಪಟ್ಟಿ ಬಿಗಿದು ಮುಚ್ಚಿ. ಇನ್‌ಟೇಕ್ ಕಡೆ ರಬ್ಬರ್ ಮ್ಯಾನಿಫೋಲ್ಡ್ ತೆಗೆಯಬೇಡಿ, ಕಾರ್ಬೊರೇಟರ್ ಕೂರುವ ಬಾಯಿಗೆ ಬಿರಡೆ ಹಾಕಿ ಕ್ಲಾಂಪ್ ಬಿಗಿಯಿರಿ. ಆ ರಬ್ಬರಿನಲ್ಲೇ ಬಿರುಕಿರುವುದು ಬಹಳ ಸಾಮಾನ್ಯ, ಅದೂ ಪರೀಕ್ಷೆಗೆ ಸಿಗಲಿ. ಆಯಿಲ್ ಪಂಪ್ ಇರುವ ಎಂಜಿನ್ ಆದರೆ ಅದರ ಪೈಪು ಸೇರುವ ತೂತನ್ನೂ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗೆ ತನ್ನಿ, ಆಗ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಪ್ಲಗ್ ತೂತಿನಿಂದ ಕೊಟ್ಟ ಗಾಳಿ ಕ್ರ್ಯಾಂಕ್‌ಕೇಸಿಗೂ ತಲುಪುತ್ತದೆ.

ಪ್ಲಗ್ ತೂತಿಗೆ ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಪೈಪು ಕೂರಿಸಿದ ಅಡಾಪ್ಟರ್ ಸಾಕು. ಗಾಳಿಗೆ ಕಂಪ್ರೆಸರ್ ಬೇಡ. ರಕ್ತದೊತ್ತಡ ನೋಡುವ ಕೈಪಂಪಿನ ಯಂತ್ರದ ಬಲ್ಬು ಮತ್ತು ಗೇಜೇ ಹೇಳಿ ಮಾಡಿಸಿದ್ದು. ಬೇಕಾಗಿರುವುದು 6 ಪಿಎಸ್‌ಐ ಆಸುಪಾಸು, ಆ ಗೇಜಿನ ಕೊನೆಯ ಗೆರೆ 300 ಮಿ.ಮೀ. ಪಾದರಸ ಎಂದರೆ 5.8 ಪಿಎಸ್‌ಐ. ಅದಕ್ಕಿಂತ ಹೆಚ್ಚು ಕೊಟ್ಟರೆ ಒಳ್ಳೆಯ ಸೀಲೂ ಜಾಗ ಬಿಟ್ಟು ಏಳಬಹುದು.

ನಿಮಿಷಕ್ಕೆ 1 ಪಿಎಸ್‌ಐಗಿಂತ, ಅಂದರೆ ಗೇಜಿನಲ್ಲಿ ಸುಮಾರು 50 ಮಿ.ಮೀ.ಗಿಂತ ವೇಗವಾಗಿ ಇಳಿದರೆ ಸೋರಿಕೆ ಇದೆ. ಸೋಪಿನ ನೀರು ಹಚ್ಚುತ್ತಾ ಹುಡುಕಿ: ನಿಮ್ಮದೇ ಬಿರಡೆಗಳು ಮೊದಲು, ಆಮೇಲೆ ಬ್ಲಾಕ್ ಬುಡ, ಕೇಸಿನ ನಡುಗೆರೆ, ಮ್ಯಾಗ್ನೆಟ್ ತೆಗೆದು ಅದರ ಹಿಂದಿನ ಸೀಲು. ಎಲ್ಲೂ ಗುಳ್ಳೆ ಇಲ್ಲ, ಆದರೂ ಇಳಿಯುತ್ತಿದೆ ಎಂದಾದರೆ ಗೇರ್‌ಬಾಕ್ಸ್ ಬ್ರೀದರ್ (ಗಾಳಿ ಹೊರಹೋಗುವ ತೂತು) ಬಾಯಿಗೆ ಸೋಪಿನ ನೀರು ಬಿಡಿ. ಅಲ್ಲಿ ಗುಳ್ಳೆ ಬಂದರೆ ಕ್ಲಚ್ ಕಡೆಯ ಸೀಲು.

ಮ್ಯಾಗ್ನೆಟ್ ತೆಗೆಯಲು ಅದರ ನಡುವಿನ ಥ್ರೆಡ್ಡಿಗೆ ಕೂರುವ ಪುಲ್ಲರ್ ಮಾತ್ರ. ಅಂಚಿಗೆ ಮೂರು ಕಾಲಿನ ಪುಲ್ಲರ್ ಹಾಕುವುದು, ಕ್ರ್ಯಾಂಕ್ ತುದಿಗೆ ಸುತ್ತಿಗೆಯಲ್ಲಿ ಹೊಡೆಯುವುದು ಎರಡೂ ಬೇಡ. ಈ ಕ್ರ್ಯಾಂಕ್ ಬಿಡಿ ತುಂಡುಗಳನ್ನು ಒತ್ತಿ ಕೂರಿಸಿದ್ದು, ಒಂದು ಏಟಿಗೆ ನೇರ ತಪ್ಪುತ್ತದೆ. ತಿರುಗುವಾಗ ತುದಿಗಳ ಓಲಾಟ 0.03 ಮಿ.ಮೀ. ಮೀರಿದರೆ ಹೊಸ ಸೀಲು, ಹೊಸ ಬೇರಿಂಗ್ ಯಾವುದೂ ಉಳಿಯುವುದಿಲ್ಲ.

ಆರುವೋಲ್ಟು:

ಮ್ಯಾಗ್ನೆಟ್ ಹೇಗೂ ಹೊರಗೆ ಬರುತ್ತಿದೆ, ಪಾಯಿಂಟ್ ಕೆಲಸ ಆಗಲೇ ಮಾಡಿಕೊಳ್ಳಿ. ಕಂಡೆನ್ಸರ್ ಪರೀಕ್ಷಿಸುತ್ತಾ ಕೂರಬೇಡಿ, ಹೊಸದು ಹಾಕಿ. ಹಳೆಯದು ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೈಕೊಡುತ್ತದೆ, ಮೀಟರಿನಲ್ಲಿ ಸಿಕ್ಕಿಬೀಳುವುದಿಲ್ಲ. ಪಾಯಿಂಟ್ ಗ್ಯಾಪ್ 0.3ರಿಂದ 0.4 ಮಿ.ಮೀ. ಗ್ಯಾಪ್ ಹೆಚ್ಚಿಸಿದರೆ ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಟೈಮಿಂಗನ್ನು ಪ್ಲಗ್ ತೂತಿಗೆ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಮಿ.ಮೀ. ಮೊದಲು ಎಂದು ಮ್ಯಾನುಯಲ್ ಹೇಳುತ್ತದೋ ಅಲ್ಲಿಗೆ ಹೊಂದಿಸಿ.

ಪಾಯಿಂಟ್ ತೆರೆಯುವ ಗಳಿಗೆ ಹಿಡಿಯಲು ಮಲ್ಟಿಮೀಟರಿನ ಬೀಪ್ ನಂಬಿದರೆ ತಲೆ ಕೆಡುತ್ತದೆ. ಪ್ರೈಮರಿ ಕಾಯಿಲ್ ಪಾಯಿಂಟಿಗೆ ಅಡ್ಡಲಾಗಿ ಸೇರಿರುವುದರಿಂದ ತೆರೆದರೂ ಬೀಪ್ ನಿಲ್ಲದು. ಕಾಯಿಲಿನ ವೈರ್ ಬಿಡಿಸಿ ನೋಡಿ.

ಚೈನ್‌ಕವರ್:

ಟೆಸ್ಟ್ ಮಾಡಿದೆ. 300ರಿಂದ ಒಂದು ನಿಮಿಷಕ್ಕೆ 120ಕ್ಕೆ ಇಳಿಯುತ್ತದೆ. ಮ್ಯಾಗ್ನೆಟ್ ಹಿಂದಿನ ಸೀಲಿನ ತುಟಿಯಲ್ಲಿ ಗುಳ್ಳೆ. ಬ್ರೀದರಿನಲ್ಲಿ ಏನೂ ಇಲ್ಲ, ಮ್ಯಾನಿಫೋಲ್ಡಿನಲ್ಲೂ ಇಲ್ಲ. ಈ ಒಂದು ಸೀಲನ್ನು ಕೇಸ್ ಬಿಡಿಸದೆ ಬದಲಿಸಲು ಬರುತ್ತದೆಯೇ?

ಕ್ರ್ಯಾಂಕ್‌ಕೇಸ್:

ಸೀಲು ಹೊರಗಿನಿಂದ ಕೂರಿಸಿದ್ದಾದರೆ ಬರುತ್ತದೆ. ಮೊದಲು ಹೊಸ ಸೀಲು ತಂದು ನೋಡಿ: ಅದರ ಹೊರಮೈಯಲ್ಲಿ ಸುತ್ತ ಒಂದು ಏಣು ಇದ್ದರೆ ಅದು ಕೇಸಿನ ತೋಡಿನೊಳಗೆ ಸಿಕ್ಕಿಸುವ ಬಗೆ, ಕೇಸ್ ಬಿಡಿಸದೆ ಆಗುವುದಿಲ್ಲ. ಹೊರಮೈ ನುಣುಪಾಗಿದ್ದರೆ, ಹೊರಗಡೆಯಿಂದ ಅದನ್ನು ತಡೆಯುವ ಅಂಚೂ ಇಲ್ಲದಿದ್ದರೆ, ಹೀಗೆ ಮಾಡಿ.

ಹಳೆಯ ಸೀಲಿನ ಲೋಹದ ಮುಖದಲ್ಲಿ, ಶಾಫ್ಟಿಗೂ ಕೇಸಿನ ಗೋಡೆಗೂ ನಟ್ಟನಡುವೆ, ಎದುರುಬದುರಾಗಿ 2 ಮಿ.ಮೀ. ತೂತು ಎರಡು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ 3 ಮಿ.ಮೀ.ಗಿಂತ ಆಳ ಹೋಗದಂತೆ ತಡೆ ಮಾಡಿ, ಹಿಂದೆಯೇ ಬೇರಿಂಗ್ ಇದೆ. ತುದಿಗೆ ದಪ್ಪಗೆ ಗ್ರೀಸ್ ಮೆತ್ತಿದರೆ ಲೋಹದ ಪುಡಿ ಅದಕ್ಕೇ ಅಂಟುತ್ತದೆ. ಎರಡಕ್ಕೂ ಸಣ್ಣ ಸ್ಕ್ರೂ ಎರಡು ಮೂರು ಸುತ್ತು ಹಾಕಿ, ಇಕ್ಕಳದಲ್ಲಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕೇಸಿನ ಗೋಡೆಯಲ್ಲಿ ಗೀರು ಬೀಳುತ್ತದೆ, ಹೊಸ ಸೀಲು ಆ ಗೀರಿನಲ್ಲೇ ಸೋರುತ್ತದೆ.

ಸೀಲು ಬಂದ ಮೇಲೆ ಬೇರಿಂಗನ್ನು ಟಾರ್ಚ್ ಹಿಡಿದು ನೋಡಿ. ಗುಂಡುಗಳ ಮೇಲೆ ಕಂದು ಚುಕ್ಕೆ ಕಂಡರೆ ಸೀಲಿನ ಕೆಲಸ ಅಲ್ಲಿಗೇ ನಿಲ್ಲಿಸಿ. ನಿಂತ ಗಾಡಿಯಲ್ಲಿ ತೇವ ತಳಕ್ಕೆ ಇಳಿದು ಕೆಳಗಿನ ಗುಂಡುಗಳನ್ನೇ ತಿನ್ನುವುದು, ಹಾಗಾಗಿ ಕ್ರ್ಯಾಂಕನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಎಲ್ಲ ಗುಂಡುಗಳನ್ನೂ ನೋಡಬೇಕು. ಬೇರಿಂಗ್ ಬದಲಿಸಬೇಕಾಗಿ ಬಂದರೆ ಸಿ3 (ಒಳ ಸಂದು ಹೆಚ್ಚಿರುವುದು) ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಸಾಧಾರಣ ಕ್ಲಿಯರೆನ್ಸಿನದು ಕೇಸಿನಲ್ಲಿ ಒತ್ತಿ ಕೂರಿಸಿದ ಮೇಲೆ ಬಿಸಿಗೆ ಬಿಗಿಯುತ್ತದೆ.

ಎಲ್ಲ ಸರಿಯಿದ್ದರೆ ಶಾಫ್ಟಿನ ಮೇಲೆ ಸೀಲು ಉಜ್ಜಿದ ಗೆರೆಯನ್ನು 1000 ನಂಬರ್ ಪೇಪರಿನಲ್ಲಿ ಸುತ್ತಲೂ ನಯ ಮಾಡಿ, ಉದ್ದುದ್ದ ಉಜ್ಜಬೇಡಿ. ಕೀ ಕೂರುವ ತೋಡಿನ ಚೂಪು ಅಂಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಇರುವ ತುಟಿ ಒಳಮುಖವಾಗಿ ಸೀಲನ್ನು ತೂರಿಸಿ. ಅದರ ಹೊರ ಅಳತೆಯ ಸಾಕೆಟ್ ಇಟ್ಟು ಸಮನಾಗಿ ತಟ್ಟಿ, ಹಳೆಯದು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ. ಇನ್ನೂ ಒಳಗೆ ಹೋದರೆ ಬೇರಿಂಗಿಗೆ ಎಣ್ಣೆ ಹೋಗುವ ತೂತು ಮುಚ್ಚುತ್ತದೆ.

ಕ್ಲಚ್ ಕಡೆಯದು ಈಗ ಪಾಸಾಗಿದ್ದರೂ ಅದೂ ಅಷ್ಟೇ ವಯಸ್ಸಿನ ರಬ್ಬರು. ಕ್ಲಚ್ ಕವರ್ ಬಿಚ್ಚಿದಾಗ ಹೊರಗಿನಿಂದ ಕೈಗೆ ಸಿಗುವಂತಿದ್ದರೆ ಅದನ್ನೂ ಬದಲಿಸಿ.

ಹೊಸ ಬೋರಿನ ಬ್ಲಾಕ್ ಕೂರಿಸಿದ ಮೇಲೆ ಮತ್ತೊಮ್ಮೆ ಪ್ರೆಶರ್ ಟೆಸ್ಟ್ ಮಾಡಿಯೇ ಕಾರ್ಬೊರೇಟರ್ ಹಾಕಿ. ಮೊದಲ ಪೆಟ್ರೋಲಿಗೆ ಎಣ್ಣೆ ಮ್ಯಾನುಯಲ್ ಹೇಳಿದ ಪ್ರಮಾಣದಲ್ಲೇ ಇರಲಿ: 25ಕ್ಕೆ 1 ಎಂದರೆ 5 ಲೀಟರಿಗೆ 200 ಮಿ.ಲೀ. ಹೊಸ ಬೋರು ಎಂದು ಕೈ ಧಾರಾಳ ಮಾಡಬೇಡಿ. ಕಾರ್ಬೊರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಹಾಯುವ ದ್ರವದಲ್ಲಿ ಎಣ್ಣೆ ಪಾಲು ಹೆಚ್ಚಿದಷ್ಟೂ ಪೆಟ್ರೋಲ್ ಪಾಲು ಇಳಿದು ಎಂಜಿನ್ ಬಿಸಿ ಏರುತ್ತದೆ. ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗೆ ಇಟ್ಟು ಸ್ಟಾರ್ಟ್ ಮಾಡಿ. ಸಂದು ಸೋರಿಕೆ ಇಲ್ಲದ ಎಂಜಿನ್ ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಳಿದು ಕೂರುತ್ತದೆ. ಇಳಿಯಲು ಎರಡು ಮೂರು ಸೆಕೆಂಡು ತಡ ಮಾಡಿದರೆ ಜೆಟ್ ಬದಲಿಸಲು ಹೋಗದೆ ಮತ್ತೆ ಸೋಪಿನ ನೀರು ಹಿಡಿಯಿರಿ.